ಹನ್ನೆರಡನೆಯ ಕುರ್ಚಿ

ಕೆಂಪು ಸೋಪಿನ ವಾಸನೆ ಬಂದರೆ ನನಗೆ ಇವತ್ತಿಗೂ ಗಂಡಸರ ಕಾಲುಗಳೇ ನೆನಪಾಗುತ್ತವೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ, ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದನೆಂದು ನಮ್ಮ ಸಭೆಗಳಲ್ಲಿ ಪಾದ ತೊಳೆಯುವ ಆರಾಧನೆ ನಡೆಯುತ್ತದೆ. ಈ ವರ್ಷ ನೆರೆಮನೆಯವರ ಒತ್ತಾಯಕ್ಕೆ ಹಗರಿಬೊಮ್ಮನಹಳ್ಳಿಯ ಹೊಸ ಬಡಾವಣೆಯ ಒಂದು ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದೆ. ಮುಂದಿನ ಬೆಂಚಿನವನು ಕಾಲು ತೊಳೆಸಿಕೊಳ್ಳಲು ಚಪ್ಪಲಿ ಬಿಟ್ಟಾಗ ಅವನ ಪಾದದಿಂದ ಆ ವಾಸನೆ ಬಂತು. ಮನೆಯಲ್ಲೇ ತಿಕ್ಕಿ ತೊಳೆದುಕೊಂಡು ಬಂದಿದ್ದಾನೆ, ಪುಣ್ಯಾತ್ಮ. ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಪಾಸ್ಟರು ಕೋಟು ಹಾಕಿಕೊಂಡಿರುವ ಫೋಟೋ, ಕೆಳಗೆ 'ಕರ್ತನ ಪಾದಧೂಳಿಯಾದ ದಾಸ' ಎಂದು ಚಿನ್ನದ ಬಣ್ಣದ ಅಕ್ಷರ. ಧೂಳಿಗೆ ಕೋಟು ಯಾಕೆ ಬೇಕಿತ್ತೋ ತಿಳಿಯದು. ನಾಲ್ಕನೆಯವನ ಕಾಲು ತೊಳೆದಾದ ಮೇಲೆ ಮೊಬೈಲು ಹಿಡಿದಿದ್ದ ಹುಡುಗಿ ಏನೋ ಸನ್ನೆ ಮಾಡಿದಳು. ವಿಡಿಯೋ ಆನ್ ಆಗಿರಲಿಲ್ಲವಂತೆ. ಪಾಸ್ಟರು ಮತ್ತೆ ಮಂಡಿಯೂರಿ ಅದೇ ಕಾಲನ್ನು ಇನ್ನೊಂದು ಸಲ ತೊಳೆದರು, ಈ ಸಲ ಕಣ್ಣೀರಿನ ಸಮೇತ. ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದವರು ನಾನೂ ಕರಗಿಹೋದೆನೆಂದು ತಿಳಿದು ಬೆನ್ನು ಸವರಿದರು.

ಹಳೆಯ ಕಾಲದ ದೀನತೆ ಈಗೆಲ್ಲಿದೆ ಎಂದು ನಿಟ್ಟುಸಿರುಬಿಡುವವರನ್ನು ಕಂಡರೂ ನನಗೆ ಆಗುವುದಿಲ್ಲ. ಹಳೆಯ ಕಾಲದ ದೀನತೆಯನ್ನು ನಾನು ನಮ್ಮ ಮನೆಯಲ್ಲೇ ಕಂಡವಳು. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ ನಮ್ಮದು. ನಮ್ಮ ಮಣ್ಣಿನ ಮಾಳಿಗೆ ಮನೆಯಿದ್ದ ಜಾಗದಲ್ಲಿ ಈಗ ಸಿಮೆಂಟು, ಕಬ್ಬಿಣದ ಅಂಗಡಿ. ಕಣ್ಣು ಮುಚ್ಚಿದರೆ ಪಡಸಾಲೆಯ ಬಂಡೆಗಲ್ಲಿನ ತಂಪು ಇನ್ನೂ ಅಂಗಾಲಿಗೆ ತಾಕುತ್ತದೆ. ಬೆಳಕಿಂಡಿಯಿಂದ ಇಳಿಯುವ ಬಿಸಿಲು, ಮೂಲೆಯಲ್ಲಿ ಪೇರಿಸಿದ ಸೇಂಗಾ ಚೀಲಗಳ ಮಣ್ಣುವಾಸನೆ, ರೊಟ್ಟಿ ತಟ್ಟುವ ಅಜ್ಜಿಯ ಬಳೆಗಳ ಸದ್ದು, ಎಲ್ಲ ಹಾಗೇ ಇವೆ. ಪಡಸಾಲೆಯ ಗೋಡೆಗೊರಗಿ ಅಜ್ಜ ಕೂತಿರುತ್ತಿದ್ದ. ಬಳ್ಳಾರಿಯಿಂದ ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳ ಆರಾಧನೆ, ಮದುವೆಯ ಮಾತುಕತೆ, ಜಗಳ ಬಿಡಿಸುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ ಎಲ್ಲವೂ ಉಪದೇಶಿಯಾದ ಅಜ್ಜನದೇ. ಸುತ್ತಲಿನ ಊರುಗಳಲ್ಲಿ ಅವನ ದೀನತೆ ಹೆಸರುವಾಸಿಯಾಗಿತ್ತು. ಅದನ್ನು ಹೆಸರುವಾಸಿ ಮಾಡಲು ಅವನೂ ಸಾಕಷ್ಟು ದುಡಿದಿದ್ದ. ತಲೆ ಬಗ್ಗಿಸಿಯೇ ನಡೆಯುತ್ತಿದ್ದ. ಆದರೆ ಯಾರು ಕೈಮುಗಿದರು, ಯಾರು ಮುಗಿಯಲಿಲ್ಲ ಎಂಬುದು ಆ ಬಗ್ಗಿದ ತಲೆಗೆ ಹೇಗೋ ತಿಳಿದುಬಿಡುತ್ತಿತ್ತು. "ನಾನೇನ್ರೀ, ನಿಮ್ಮ ಕಾಲ ಕಸ" ಎಂದು ಹೇಳಿ, ಎದುರಿನವರು "ಛೇ ಛೇ, ಹಂಗನಬ್ಯಾಡ್ರಿ" ಅನ್ನುವವರೆಗೆ ಕಾಯುತ್ತಿದ್ದ. ಒಮ್ಮೆ ಶಾಲೆಗೆ ಹೊಸದಾಗಿ ಬಂದ ಮಾಸ್ತರರೊಬ್ಬರು, ಪಾಪ, ಹಿರಿಯರ ಮಾತಿಗೆ ಎದುರಾಡಬಾರದೆಂದು "ಹೌದ್ರಿ" ಅಂದುಬಿಟ್ಟರು. ಆ ಮನುಷ್ಯ ವರ್ಗವಾಗಿ ಹೋಗುವವರೆಗೂ ಅಜ್ಜ ಅವರ ಜೊತೆ ಮಾತಾಡಲಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು. ಅವರು ಈಗ ಇಲ್ಲವಾದರೆ ನೀವೂ ಅವರನ್ನು ನೆನೆದು ಹಲ್ಲು ಕಡಿಯುತ್ತಲೇ ಕಣ್ಣು ಒರೆಸಿಕೊಳ್ಳುತ್ತಿರಬೇಕು.

ಆ ಗುರುವಾರ ಮಧ್ಯಾಹ್ನವಾದರೆ ನಮ್ಮ ಬಚ್ಚಲಲ್ಲಿ ದೊಡ್ಡ ಕೆಲಸ. ಅಜ್ಜಿ ಹಂಡೆಯಲ್ಲಿ ನೀರು ಕಾಯಿಸಿ, ಅಜ್ಜನನ್ನು ಕಲ್ಲಿನ ಮೇಲೆ ಕೂರಿಸಿ, ಕೆಂಪು ಸೋಪು ಹಚ್ಚಿ, ಇಟ್ಟಿಗೆ ಚೂರಿನಿಂದ ಅವನ ಹಿಮ್ಮಡಿ ತಿಕ್ಕುತ್ತಿದ್ದಳು. ಕಾಲು ತೊಳೆಯುವವನು ಅಜ್ಜ, ತೊಳೆಸಿಕೊಳ್ಳುವವರು ಬೇರೆ ಹನ್ನೆರಡು ಜನ. ಮತ್ತೆ ಇವನ ಕಾಲಿಗೆ ಯಾಕೆ ಈ ಉಪಚಾರ ಎಂದು ಕೇಳಿದ್ದೆ. ಮಂಡಿಯೂರಿದಾಗ ಅಂಗಾಲು ಸಭೆಯವರಿಗೆ ಕಾಣುತ್ತದಲ್ಲ, ಅದಕ್ಕಂತೆ. ಆ ಹನ್ನೆರಡು ಮನೆಗಳಲ್ಲೂ ಇದೇ ಸಂಭ್ರಮ. ಉಪದೇಶಿಗಳ ಕೈಗೆ ಹೊಲಸು ಕಾಲು ಕೊಡಬಾರದೆಂದು ಹೆಂಡಂದಿರು ಗಂಡಂದಿರ ಕಾಲು ತಿಕ್ಕಿ, ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಕೇರಿಯ ಚರಂಡಿಯಲ್ಲೆಲ್ಲ ಸೋಪಿನ ನೊರೆ. ಸಂಜೆ ಆ ಹನ್ನೆರಡು ಜೊತೆ ಕಾಲುಗಳು ಮದುವೆ ಗಂಡಿನ ಕಾಲುಗಳ ಹಾಗೆ ಮಿರಮಿರ ಮಿಂಚುತ್ತ, ಎಲ್ಲಿ ಧೂಳು ಹತ್ತುತ್ತದೋ ಎಂದು ಹುಷಾರಾಗಿ ಹೆಜ್ಜೆಯಿಡುತ್ತ ಬರುತ್ತಿದ್ದವು. ತೊಳೆದ ಕಾಲನ್ನೇ ಅಜ್ಜ ಮತ್ತೆ ತೊಳೆಯುತ್ತಿದ್ದ. ನಿಜವಾಗಿ ತೊಳೆದವರು ಹಿಂದೆ ಚಾಪೆಯ ಮೇಲೆ ಕೂತು, ಉಪದೇಶಿಗಳ ದೀನತೆ ನೋಡಿ ಕಣ್ಣೀರು ಹಾಕುತ್ತಿದ್ದರು, ನಮ್ಮ ಅಜ್ಜಿಯೂ ಸೇರಿ.

ಮುಂದೆ ಸಾಲಾಗಿ ಹನ್ನೆರಡು ಕುರ್ಚಿ. ಮೊದಲನೆಯ ಕುರ್ಚಿಗೆ ವರ್ಷವಿಡೀ ಹಗ್ಗಜಗ್ಗಾಟ, ಕೊನೆಯದಕ್ಕೆ ದಿಕ್ಕಿಲ್ಲ. ಯಾಕೆಂದರೆ ಹನ್ನೆರಡನೆಯವನು ಯೂದ, ಸ್ವಾಮಿಯನ್ನು ಹಿಡಿದುಕೊಟ್ಟವನು. ಆ ಕುರ್ಚಿ ಅವನದೆಂದು ಯಾರೂ ಬರೆದಿಟ್ಟಿರಲಿಲ್ಲ, ನಮ್ಮವರೇ ತಲೆ ಓಡಿಸಿ ಕಂಡುಹಿಡಿದದ್ದು. ಒಂದು ವರ್ಷ ಅದರಲ್ಲಿ ಕೂತವನ ಎಮ್ಮೆ ಸತ್ತಿತು, ಅಲ್ಲಿಗೆ ಅದು ಶಾಸನವಾಯಿತು. ಹನ್ನೊಂದೇ ಕುರ್ಚಿ ಹಾಕೋಣವೆಂದರೆ ಆರಾಧನೆ ಅರೆಬರೆಯಾಗುತ್ತದೆಂಬ ಭಯ. ಹಾಗಾಗಿ ಹೊಸದಾಗಿ ಸಭೆ ಸೇರಿದವನನ್ನೋ ದೂರದ ನೆಂಟನನ್ನೋ ಏನೂ ಹೇಳದೆ ಅಲ್ಲಿ ಕೂರಿಸುತ್ತಿದ್ದರು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಂಥ ಬಡಪಾಯಿಯೂ ಸಿಗಲಿಲ್ಲ. ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಪ್ರಕಾಶಪ್ಪನನ್ನು ಅಜ್ಜ "ಈ ಸಲ ನೀವ ಕುಂದರ್ರಿ, ದೊಡ್ಡ ಮನಸ್ಸು ಮಾಡಿ" ಎಂದು ಕೇಳಿದ. "ನಾನ್ಯಾಕ್ರೀ ಯೂದ ಆಗ್ಲಿ? ನಿಮ್ಮ ಮಗ ಅದಾನಲ್ಲ, ಅವನ್ನ ಕುಂದರಿಸ್ರಿ" ಎಂದು ಪ್ರಕಾಶಪ್ಪ ರೇಗಿದ. ಆ ಮಗ, ಅಂದರೆ ನಮ್ಮಪ್ಪ, ಬಸ್ ಕಂಡಕ್ಟರು. ಬೇಕೆಂದೇ ಡ್ಯೂಟಿ ಹಾಕಿಸಿಕೊಂಡು ಬೆಳಗ್ಗೆಯೇ ಹರಪನಹಳ್ಳಿ ಕಡೆಗೆ ಪಾರಾಗಿದ್ದ.

ಗಂಟೆ ಹೊಡೆಯುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಹಾಲಪ್ಪ ಮಜ್ಜಿಗೆ ಕುಡಿಯುತ್ತ ನಿಂತಿದ್ದ. ಹಾಲಪ್ಪ ಕುರಿ ಕಾಯುವವನು. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಆಗ ಅವನ ರೊಟ್ಟಿ, ಮಜ್ಜಿಗೆ ಅಜ್ಜಿಯ ಪಾಲಿನದು. ಅವನು ನಮ್ಮ ಮತದವನಲ್ಲ. ಹೊಲದಂಚಿನ ತನ್ನ ದೇವರ ಕಲ್ಲಿಗೆ ಕೈಮುಗಿಯದೆ ಮಂದೆ ಎಬ್ಬಿಸುತ್ತಿರಲಿಲ್ಲ. ಅಜ್ಜ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಲಪ್ಪಾ, ಅರ್ಧ ತಾಸು ನಮ್ಮ ಗುಡಿಯಾಗ ಬಂದು ಕುಂದರ್ತಿಯೇನು? ನಿನ್ನ ಕಾಲು ತೊಳಿತೀನಿ" ಅಂದ. ಹಾಲಪ್ಪ ಚರಿಗೆ ಕೆಳಗಿಟ್ಟ. "ನನ್ನ ಕಾಲ್ರೀ? ನೀವ್ರೀ? ಬ್ಯಾಡ್ರೀ ಅಯ್ಯಾರ, ನನಗ ನಾಚ್ಕಿ ಬರ್ತೈತಿ." ಅಜ್ಜ ಬಿಡಲಿಲ್ಲ, ಇದು ದೇವರ ಕೆಲಸ ಎಂದ. ದೇವರ ಹೆಸರು ಬಂದ ಮೇಲೆ ಹಾಲಪ್ಪ "ನೀವು ಅಂತೀರಂದ್ರ ಆತ್ರಿ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಅವಸರದಲ್ಲಿ ಒಂದು ಸಂಗತಿಯನ್ನು ಎಲ್ಲರೂ ಮರೆತರು. ಕಾಲು ತೊಳೆಸಿಕೊಳ್ಳಬೇಕಾದರೆ ಮೊದಲು ಕಾಲು ತೊಳೆದುಕೊಂಡು ಬರಬೇಕೆಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ.

ನಾನು ಅಜ್ಜಿಯ ತೊಡೆಗೆ ಒರಗಿ ಕೂತಿದ್ದೆ. ಅಜ್ಜ ಸೊಂಟಕ್ಕೆ ಬಿಳಿ ಟವೆಲು ಸುತ್ತಿಕೊಂಡು, ಹಿತ್ತಾಳೆಯ ಪರಾತವನ್ನು ಕುರ್ಚಿಯಿಂದ ಕುರ್ಚಿಗೆ ಸರಿಸುತ್ತ ಬಂದ. ಒಂದೊಂದು ಕಾಲಿಗೂ ಒಂದು ಬೊಗಸೆ ನೀರು, ಒಂದು ಸವರು, ಒಂದು ನಿಟ್ಟುಸಿರು. ಹನ್ನೊಂದು ಮುಗಿಯುವವರೆಗೆ ಪರಾತದ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಹನ್ನೆರಡನೆಯದರ ಮುಂದೆ ಮಂಡಿಯೂರಿದವನು ಹಾಗೇ ಉಳಿದುಬಿಟ್ಟ. ಹಾಲಪ್ಪನ ಹಿಮ್ಮಡಿ ಬಿಸಿಲಿಗೆ ಬಿರಿದ ನೆಲದ ಹಾಗಿತ್ತು. ಬಿರುಕಿನೊಳಗೆ ಕುರಿಹಿಕ್ಕೆ, ಕೆಮ್ಮಣ್ಣು, ಹೆಬ್ಬೆರಳಿನ ಬುಡದಲ್ಲಿ ಮುರಿದ ಜಾಲಿಮುಳ್ಳು, ಅದರ ಸುತ್ತ ಕೀವು. ಅಜ್ಜನ ಕೈ ಮುಂದೆ ಹೋಯಿತು, ಹಿಂದೆ ಬಂತು. ಆಮೇಲೆ ಅವನು ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ಗಿಡಕ್ಕೆ ನೀರು ಹಾಕುವವರ ಹಾಗೆ ಮೇಲಿನಿಂದ ಸುರಿದು, ಟವೆಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಾಕಿಸಿದ. ಹಾಲಪ್ಪ ಎಲ್ಲವನ್ನೂ ನೋಡುತ್ತಿದ್ದ. ಅವನಿಗೆ ಸಿಟ್ಟು ಬರಲಿಲ್ಲ. ಅಜ್ಜನನ್ನು ಕಂಡು ಕನಿಕರವಾಯಿತೋ ಏನೋ. "ಬಿಡ್ರೀ ಅಯ್ಯಾರ, ನಾನ ತೊಳಕಂತೀನಿ" ಎಂದು ಬಗ್ಗಿ, ಎರಡೂ ಕಾಲನ್ನು ಪರಾತದೊಳಗಿಟ್ಟು, ಕೆರೆಯಲ್ಲಿ ತಿಕ್ಕಿಕೊಳ್ಳುವ ಹಾಗೆ ತಿಕ್ಕಿ ತೊಳೆದುಕೊಂಡ. ನೀರು ಕೆಂಪಗಾಯಿತು. ಪ್ರಕಾಶಪ್ಪ ಮೊದಲು ನಕ್ಕ, ಆಮೇಲೆ ಸಭೆಯೆಲ್ಲ ನಕ್ಕಿತು. ನನ್ನ ಅಜ್ಜಿ ಮಾತ್ರ ನಗಲಿಲ್ಲ.

ಮನೆಗೆ ಬಂದ ಅಜ್ಜ ಕೈಯನ್ನು ಮೂರು ಸಲ ತೊಳೆದ. "ಆರಾಧನಿ ಕೆಟ್ಟೋತು, ಮಂದಿ ಮುಂದ ಮಾನ ಹೋತು" ಎಂದು ಗೊಣಗಿದ. ಅಜ್ಜಿ ಒಂದೇ ಮಾತು ಕೇಳಿದಳು: "ತೊಳ್ದ ಕಾಲು ತೊಳಿಯಾದು ಯಾವ ಸೇವೀರಿ ಮತ್ತ? ಇವತ್ತೊಂದಿನ ಕೆಲಸ ಸಿಕ್ಕಿತ್ತು ನಿಮಗ." ಅಜ್ಜ ಅಂದು ಊಟ ಮಾಡಲಿಲ್ಲ. ನಾನು ಹೊಟ್ಟೆ ತುಂಬ ಉಂಡು, ಅವನನ್ನು ದಿಟ್ಟಿಸಿ ನೋಡುತ್ತ ಕೂತೆ. ಅಂದು ಹುಟ್ಟಿದ ತಿರಸ್ಕಾರ ನನ್ನ ಜೊತೆಯೇ ಬೆಳೆಯಿತು. ಅವನು ಸಭೆಯಲ್ಲಿ "ನಮ್ಮ ಕೈಲಿ ಏನೂ ಇಲ್ರಿ, ದೇವರ ಮ್ಯಾಲ ಭಾರ ಹಾಕ್ರಿ" ಎಂದು ಕಣ್ಣು ಮುಚ್ಚಿದಾಗೆಲ್ಲ ನಾನು ಆ ಎರಡು ಬೆರಳುಗಳನ್ನೇ ನೋಡುತ್ತಿದ್ದೆ. ಕುರಿಯವನ ಕಾಲಿಗೆ ಹೇಸಿದವನು ದೇವರಿಗೆ ಏನು ಬಗ್ಗಿಯಾನು ಎಂದು ಮನಸ್ಸಿನಲ್ಲೇ ಛೀಮಾರಿ ಹಾಕುತ್ತಿದ್ದೆ. ಅವನಿಗೆ ಅದು ಗೊತ್ತಿತ್ತೆಂದು ಈಗ ಅನಿಸುತ್ತದೆ. ನಾನು ಎದುರಾದರೆ ಅವನ ಪ್ರಾರ್ಥನೆಯ ದನಿ ಇಳಿಯುತ್ತಿತ್ತು.

ನನಗೆ ಹದಿಮೂರಾದಾಗ ಅಜ್ಜಿ ಜ್ವರದಲ್ಲಿ ತೀರಿಕೊಂಡಳು. ಮರುವರ್ಷ ಅಜ್ಜನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಾಯಿತು, ಬುದ್ಧಿ ಮಾತ್ರ ಚುರುಕಾಗೇ ಇತ್ತು, ಅದೇ ಕಷ್ಟವಾದದ್ದು. ಪಡಸಾಲೆಯಲ್ಲೇ ಹಾಸಿಗೆ. ಅಪ್ಪನ ಡ್ಯೂಟಿ ಎರಡು ದಿನಕ್ಕೊಮ್ಮೆ ರಾತ್ರಿ ಉಳಿಯುವಂಥದ್ದು. ಸೊಸೆಯ ಕೈಲಿ ಮೈ ಮುಟ್ಟಿಸಿಕೊಳ್ಳಲು ಅಜ್ಜ ಒಪ್ಪಲಿಲ್ಲ. ಅವ್ವ ಹತ್ತಿರ ಹೋದರೆ ಸರಿಯಾಗಿದ್ದ ಬಲಗೈಯಲ್ಲಿ ಕಂಬಳಿ ಬಿಗಿಹಿಡಿದು ಗೋಡೆಯ ಕಡೆ ತಿರುಗುತ್ತಿದ್ದ. ಭಾನುವಾರ ಸಭೆಯವರು ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಬಂದು, "ಕರ್ತನೇ, ಈ ದೀನ ದಾಸನನ್ನು ನೋಡು" ಎಂದು ಸುದೀರ್ಘವಾಗಿ ಪ್ರಾರ್ಥಿಸುತ್ತಿದ್ದರು. ದೀನ ದಾಸನ ಕೆಳಗಿನ ಚಾದರ ತೊಯ್ದಿರುತ್ತಿತ್ತು. ಅದು ಅವರ ಮೂಗಿಗೂ ಬಡಿಯುತ್ತಿತ್ತು. ಪ್ರಾರ್ಥನೆ ಮುಗಿಯುತ್ತಲೇ ಪ್ರಕಾಶಪ್ಪ ಬಾಗಿಲ ಕಡೆಗಿನ ಗಾಳಿಗೆ ಸರಿದು ನಿಂತು ಸಮಾಧಾನ ಹೇಳುತ್ತಿದ್ದ. ಅಷ್ಟು ಮಂಡಿಗಳಲ್ಲಿ ಒಂದಾದರೂ ಆ ಚಾದರ ಬದಲಿಸಲು ಬಗ್ಗಲಿಲ್ಲ.

ಆಮೇಲೆ ಅಜ್ಜ ನೀರು ಕುಡಿಯುವುದನ್ನು ಬಿಟ್ಟ. ಗಂಜಿ ಕೊಟ್ಟರೆ ಎರಡು ಗುಟುಕು, ನೀರು ಕೊಟ್ಟರೆ ತುಟಿ ಬಿಗಿ. ಒಳಗೆ ಹೋಗದಿದ್ದರೆ ಹೊರಗೆ ಬರುವುದಿಲ್ಲ, ಹೊರಗೆ ಬರದಿದ್ದರೆ ಯಾರ ಕೈಗೂ ಸಿಗಬೇಕಾಗಿಲ್ಲ ಎಂಬುದು ಅವನ ಎಣಿಕೆ. ನಾಲಿಗೆ ಒಣಗಿ ಕಟ್ಟಿಗೆಯಾಯಿತು. ಕೂಡ್ಲಿಗಿಯಿಂದ ಬಂದ ಡಾಕ್ಟರು ಚರ್ಮ ಎಳೆದು ನೋಡಿ, ಹೀಗೇ ಆದರೆ ವಾರ ಉಳಿಯುವುದಿಲ್ಲ ಎಂದರು. ಅವ್ವ ಕಾಲು ಹಿಡಿದು ಬೇಡಿದಳು, ಅಪ್ಪ ಗದರಿದ. ನಾನು ಬಾಗಿಲಿಗೊರಗಿ ನೋಡುತ್ತಿದ್ದೆ. ದೇವರ ಮೇಲೆ ಭಾರ ಹಾಕಿ ಎಂದು ಊರಿಗೆಲ್ಲ ಹೇಳಿದ ಮನುಷ್ಯನಿಗೆ ಸೊಸೆಯ ಮೇಲೆ ಒಂದು ತಂಬಿಗೆ ನೀರಿನ ಭಾರ ಹಾಕಲು ಆಗುತ್ತಿಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಹೌದು, ಖುಷಿಯೇ. ಅದಕ್ಕೆ ಬೇರೆ ಹೆಸರಿಟ್ಟು ಈಗ ನಾನು ಪಾರಾಗುವುದಿಲ್ಲ.

ಮಂದೆ ನಿಲ್ಲಿಸಲು ಬಂದ ಹಾಲಪ್ಪನಿಗೆ ಸುದ್ದಿ ತಿಳಿಯಿತು. ಬೆಳಗ್ಗೆ ಸೀದಾ ಪಡಸಾಲೆಗೆ ಬಂದು, ಕಂಬಳಿ ತೆಗೆದಿಟ್ಟು, ಅವ್ವನ ಹತ್ತಿರ ಬಿಸಿನೀರು ಕೇಳಿದ. ಅಜ್ಜ ಬಲಗೈ ಬೀಸಿ ಬೇಡ ಬೇಡ ಎಂದ, ತೊದಲುತ್ತ ಬೈದ. ಹಾಲಪ್ಪ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅಯ್ಯಾರ, ಆವತ್ತು ಕುರ್ಚಿ ಮ್ಯಾಲ ಕುಂದರಿಸಿದ್ರಿ ನನ್ನ. ಅಷ್ಟು ಮಂದಿ ಮುಂದ ಈ ಕಾಲು ಚಾಚಾಕ ನನಗ ಜೀವ ಹಿಡಿಯಷ್ಟಾಗಿತ್ರಿ. ನೀವು ದೇವರ ಕೆಲಸ ಅಂದ್ರಿ, ಅದಕ್ಕ ಕೊಟ್ಟೆ. ಈಗ ನೀವು ಕೊಡ್ರಿ." ಅಜ್ಜ ಬೈಯುವುದನ್ನು ನಿಲ್ಲಿಸಿದ. ಹಾಲಪ್ಪ ಅವನ ಕಂಕುಳಿಗೆ ಕೈಹಾಕಿ, "ಬಿಗಿ ಹಿಡಿಬ್ಯಾಡ್ರಿ, ಭಾರ ಬಿಡ್ರಿ ನನ್ನ ಮ್ಯಾಲ" ಅಂದ. ಬಹಳ ಹೊತ್ತು ಅಜ್ಜನ ಕುತ್ತಿಗೆಯ ನರಗಳು ಸೆಟೆದೇ ಇದ್ದವು. ಆಮೇಲೆ ತಲೆ ಮೆಲ್ಲಗೆ ಹಾಲಪ್ಪನ ಹೆಗಲಿಗೆ ಬಿತ್ತು. ಆ ಹೆಗಲಿನ ಮೇಲೆ ಅವನು ಅತ್ತ, ದನಿ ತೆಗೆದು, ಟವೆಲು ಕಟ್ಟಿಕೊಂಡು ಅಳುತ್ತಿದ್ದ ಹಾಗಲ್ಲ. ಹಾಲಪ್ಪ ಸೊಂಟ, ತೊಡೆ, ಕಾಲು, ಬೆರಳ ಸಂದಿ, ಎಲ್ಲ ತೊಳೆದು ಒರೆಸಿದ. ಮುಗಿದ ಮೇಲೆ ಅಜ್ಜ ತಾನಾಗೇ "ನೀರು" ಅಂದ. ಒಂದು ಚೆಂಬು ಪೂರ್ತಿ ಕುಡಿದ.

ಮುಂದಿನ ಏಳೆಂಟು ತಿಂಗಳು ನಮ್ಮ ಮನೆಯಲ್ಲಿ ಇದ್ದವನು ಬೇರೆಯೇ ಒಬ್ಬ ಅಜ್ಜ. ಯಾರು ಹಾದುಹೋದರೂ ಕರೆದು ಕೇಳುತ್ತಿದ್ದ: ತಿರುಗಿಸಿ ಮಲಗಿಸ್ರಿ, ಮೂಗು ಒರಸ್ರಿ, ಒಂದೀಟು ನೀರು ಕೊಡ್ರಿ. ಸೊಸೆಗೂ ಮೈ ಒಪ್ಪಿಸಿದ; "ನೀನೂ ನನ್ನ ಹಡದವ್ವನ ಬಿಡು" ಅಂದನಂತೆ. ಗಂಟೆಗಟ್ಟಲೆ ನಡೆಯುತ್ತಿದ್ದ ಪ್ರಾರ್ಥನೆ "ಅಪ್ಪಾ, ಇವತ್ತಿಂದು ಆತು" ಎಂಬಲ್ಲಿಗೆ ಬಂದು ನಿಂತಿತು. ತಾನು ಕಾಲ ಕಸ ಎಂದು ಯಾರಿಗೂ ಹೇಳಲಿಲ್ಲ. ಸಭೆಯವರಿಗೆ ಇದು ರುಚಿಸಲಿಲ್ಲ. ಉಪದೇಶಿಗಳು ಮೊದಲಿನಂತಿಲ್ಲ, ಮನಸ್ಸು ಕೆಟ್ಟಿದೆ ಎಂದು ಮಾತಾಡಿಕೊಂಡು ಬರುವುದನ್ನು ಕಡಿಮೆ ಮಾಡಿದರು. ನನಗೂ ರುಚಿಸಲಿಲ್ಲ. ಇಷ್ಟು ಸುಲಭವಾಗಿ ಅವನು ಒಳ್ಳೆಯವನಾಗಿಬಿಟ್ಟರೆ, ನಾನು ಐದಾರು ವರ್ಷ ಸಾಕಿದ ತಿರಸ್ಕಾರವನ್ನು ಎಲ್ಲಿ ಕಟ್ಟಿಹಾಕಲಿ?

ಹಾಲಪ್ಪ ಮಂದೆ ಹೊಡೆದುಕೊಂಡು ಹಡಗಲಿ ಕಡೆ ಹೊಳೆದಂಡೆಗೆ ಹೋದವನು ತಿರುಗಿ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಮಣ್ಣು ಮಾಡಿದ ಜಾಗದ ಹತ್ತಿರ ನಿಂತು ಅವನು ನನ್ನನ್ನು ಕೇಳಿದ್ದು ಇಷ್ಟೇ: "ಕಡೀಮಟ ಕೇಳಿ ನೀರು ಕುಡುದ್ರೇನವ್ವ?" ಹ್ಞೂಂ ಅಂದೆ. ಅಷ್ಟು ನಿಜ. ಉಳಿದದ್ದನ್ನು ಅವನಿಗೆ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಅಜ್ಜ ಹೋಗುವುದಕ್ಕೆ ನಾಲ್ಕು ದಿನ ಮೊದಲಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹತ್ತನೇ ತರಗತಿಯ ಪುಸ್ತಕ ತೊಡೆಯ ಮೇಲಿತ್ತು. "ಯವ್ವಾ, ಬಾ ಇಲ್ಲಿ. ಕಾಲು ಉರಿಯಾಕತ್ತ್ಯಾವ. ಒಂದೀಟು ತೊಳಿ" ಎಂದು ಅಜ್ಜ ಕರೆದ. ಹೋಗಿ ನೋಡಿದರೆ ಕಂಬಳಿಯಿಂದ ಎರಡೂ ಕಾಲು ಹೊರಗೆ ಚಾಚಿ ಮಲಗಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಾಲಪ್ಪನ ಕಾಲು ಮುಟ್ಟಾಕ ನಿನಗ ಆಗಲಿಲ್ಲಲ್ಲ ಅಜ್ಜಾ" ಅಂದೆ. ಅವನು ಕಣ್ಣು ತಪ್ಪಿಸಲಿಲ್ಲ. "ಹೌದವ್ವ, ಆಗಲಿಲ್ಲ" ಅಂದ. ಆಮೇಲೆ ತೊದಲುತ್ತ, "ಅದಕ್ಕ ನಿನ್ನ ಕರದೆ" ಅಂದ.

ನನಗೆ ಅರ್ಥವಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಥವಾಗಿತ್ತು. ಅಷ್ಟು ಹೊತ್ತಿಗೆ ಅವನ ಕಾಲು ತೊಳೆಯುವವರು ಮನೆಯಲ್ಲಿ ಅವ್ವ, ಅಪ್ಪ ಇಬ್ಬರಿದ್ದರು. ಸಂಜೆಯವರೆಗೆ ಅವನು ಕಾಯಬಹುದಿತ್ತು. ತನ್ನನ್ನು ಕಂಡರೆ ಹೇಸುವ ಒಬ್ಬಳ ಕೈಗೆ ಅವನು ಕಾಲು ಕೊಟ್ಟಿದ್ದ. ನಾನು ಓದುವುದಿದೆ ಎಂದೆ. "ಆತು ಬಿಡವ್ವ, ಓದಿಕ್ಯ" ಎಂದ, ನಿಜವಾಗಿಯೂ ಬೇಸರವಿಲ್ಲದ ದನಿಯಲ್ಲಿ. ದೀನತೆಯ ವೇಷ ಹಾಕಿದವರನ್ನು ಈ ಬಾಳಿನಲ್ಲಿ ಕಂಡಲ್ಲೆಲ್ಲ ಹೀಗಳೆದಿದ್ದೇನೆ, ಹಗರಿಬೊಮ್ಮನಹಳ್ಳಿಯ ಆ ಕೋಟಿನ ಮನುಷ್ಯನವರೆಗೆ. ಅವರೆಲ್ಲ ವೇಷಕ್ಕಾದರೂ ಮಂಡಿಯೂರಿದವರು. ಅಂದು ಅಜ್ಜ ಬಲಗಾಲನ್ನು ತಾನೇ ಕಂಬಳಿಯೊಳಗೆ ಎಳೆದುಕೊಂಡ. ಎಡಗಾಲು ಅವನ ಮಾತು ಕೇಳಲಿಲ್ಲ, ಹೊರಗೇ ಉಳಿಯಿತು. ನಾನು ಅದರ ಪಕ್ಕದಲ್ಲೇ ನಿಂತಿದ್ದೆ. ಬಗ್ಗಿ ಒಳಗೆ ಸರಿಸಲೂ ಇಲ್ಲ.